ಇಂಟರ್‌ವ್ಯೂಗೆ ಬೇಕಾದ ಅಜ್ಜಿ

ಹಲ್ಲಿನ ಡಾಕ್ಟರ್ ಯಾಕಾದೆ ಎಂದು ಕರ್ನಾಟಕದಲ್ಲಿ ನನ್ನನ್ನು ಒಬ್ಬರೂ ಕೇಳಲಿಲ್ಲ. ಕೇಳುವುದೇನಿದೆ, ಎಲ್ಲರಿಗೂ ಗೊತ್ತಿತ್ತು: ಮೆಡಿಕಲ್ ಸೀಟು ಸಿಕ್ಕಿರಲಿಲ್ಲ. ನಮ್ಮ ಕ್ಲಾಸಿನಲ್ಲಿ ಕೂತಿದ್ದವರೆಲ್ಲ ಅದೇ ಪೈಕಿ. ಎಲ್ಲರ ಮುಖದಲ್ಲೂ ಬಸ್ಸು ತಪ್ಪಿಸಿಕೊಂಡು ಆಟೋ ಹತ್ತಿದವರ ಕಳೆ. ಮೊದಲ ವರ್ಷವಿಡೀ ನಾವು ಒಬ್ಬರನ್ನೊಬ್ಬರು ಕೇಳಿಕೊಂಡಿದ್ದು ಒಂದೇ ಪ್ರಶ್ನೆ, "ನಿಂಗೆ ಎಷ್ಟರಲ್ಲಿ ತಪ್ಪಿತು?"

ನನ್ನ ಜೀವನದ ಗುರಿ ನಿರ್ಧಾರವಾದದ್ದು ಬೆಂಗಳೂರಿನ ಕೌನ್ಸೆಲಿಂಗ್ ಹಾಲಿನಲ್ಲಿ. ಕಂಪ್ಯೂಟರಿನ ಮುಂದೆ ನಾನು, ಪಕ್ಕದಲ್ಲಿ ಅಪ್ಪ. ಪರದೆಯ ಮೇಲೆ ಮೆಡಿಕಲ್ ಕಾಲೇಜುಗಳ ಮುಂದೆಲ್ಲ ಸಾಲಾಗಿ ಸೊನ್ನೆಗಳು. ಗುಮಾಸ್ತರು ಪೆನ್ನಿನಿಂದ ಮೇಜು ಕುಟ್ಟುತ್ತ, "ಬೇಗ ಹೇಳಿ ಸಾರ್, ಹಿಂದೆ ಜನ ಕಾಯ್ತಾ ಇದಾರೆ" ಎಂದರು. ಅಪ್ಪ ನನ್ನ ಮುಖ ನೋಡಲಿಲ್ಲ, ಪರದೆ ನೋಡಿದರು. "ಡೆಂಟಲ್ ಹಾಕಿ. ಹೇಗೂ ಹೆಸರಿನ ಮುಂದೆ ಡಾಕ್ಟರ್ ಅಂತ ಬರತ್ತಲ್ಲ." ಹಾಗೆ ನಾನು ಮನುಕುಲದ ಬಾಯಿಯ ಸೇವೆಗೆ ಸಮರ್ಪಿತಳಾದೆ. ಆಮೇಲೆ ಮೂವರೂ ಸಹಿ ಹಾಕಿದೆವು, ಅಪ್ಪ ಕಬ್ಬಿನ ಹಾಲು ಕುಡಿಸಿದರು.

ಒಂದು ವಿಷಯ ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಮೊದಲ ವರ್ಷ ಮೇಣದ ತುಂಡಿನಲ್ಲಿ ದವಡೆ ಹಲ್ಲು ಕೆತ್ತಲು ಕೊಡುತ್ತಾರೆ. ಉಳಿದವರೆಲ್ಲ ಗೊಣಗುತ್ತ ಕೆತ್ತುತ್ತಿದ್ದಾಗ ನನಗೆ ಊಟದ ಹೊತ್ತು ಮೀರಿದ್ದು ಗೊತ್ತಾಗುತ್ತಿರಲಿಲ್ಲ. ಕೈಗೆ ಏನೋ ಸಿಕ್ಕಿತು ಅನ್ನಿಸಿತು. ಆದರೆ ಮೆಡಿಕಲ್ ಸಿಗದ ದುಃಖದಲ್ಲಿ ಮುಳುಗಿರಬೇಕಾದ ಕ್ಲಾಸಿನಲ್ಲಿ ಖುಷಿಯಾಗಿರುವುದು ಅಪಚಾರ.

ಮದುವೆಯಾಗಿ ವರ್ಜೀನಿಯಾದ ರೆಸ್ಟನ್‌ಗೆ ಬಂದೆ. ಗಂಡನ ಕೆಲಸದ ವೀಸಾದ ಬಾಲ ಹಿಡಿದುಕೊಂಡು ಬಂದ ಡಿಪೆಂಡೆಂಟ್ ನಾನು. ಇಲ್ಲಿನ ನಿಯಮ ಸರಳ: ಹೊರಗಿನಿಂದ ಬಂದ ಹಲ್ಲಿನ ಡಾಕ್ಟರು ಬೋರ್ಡ್ ಪರೀಕ್ಷೆ ಪಾಸಾಗಬೇಕು, ಆಮೇಲೆ ಇಲ್ಲಿನ ಕಾಲೇಜಿನಲ್ಲಿ ಮತ್ತೆ ಎರಡು ಮೂರು ವರ್ಷ ಓದಬೇಕು. ಭಾರತದ ಬಾಯಿ ಬೇರೆ, ಅಮೆರಿಕದ ಬಾಯಿ ಬೇರೆ ಎಂದು ಅವರ ನಂಬಿಕೆ. ಪರೀಕ್ಷೆ ಪಾಸಾದೆ. ಸೀಟು ಸಿಗಲಿಲ್ಲ. ಕೆಲಸದ ಪರವಾನಗಿ ಬಂದ ಮೇಲೆ ಹತ್ತಿರದ ಕ್ಲಿನಿಕ್ಕೊಂದರಲ್ಲಿ ಅಸಿಸ್ಟೆಂಟ್ ಆಗಿ ಸೇರಿಕೊಂಡೆ. ಅಂದರೆ ಡಾಕ್ಟರ್ ಕೆಲಸ ಮಾಡುವಾಗ ಪಕ್ಕದಲ್ಲಿ ಕೂತು ರೋಗಿಯ ಎಂಜಲು ಎಳೆಯುವ ಕೊಳವೆ ಹಿಡಿಯುವವಳು. 2020ರ ಆ ಭಯಂಕರ ತಿಂಗಳುಗಳು ಕಳೆದು ಕ್ಲಿನಿಕ್ ಮತ್ತೆ ತೆರೆದಾಗ ಎರಡು ಮಾಸ್ಕು, ಮುಖಕ್ಕೊಂದು ಗಾಜು, ಮೇಲೊಂದು ಗೌನು ಹಾಕಿಕೊಂಡು ನಾನು ಹಿಡಿದದ್ದು ಅದೇ ಕೊಳವೆ.

ನಮ್ಮ ಡಾಕ್ಟರು ನನಗಿಂತ ಎಷ್ಟೋ ಚಿಕ್ಕ ಹುಡುಗಿ. ಒಳ್ಳೆಯವಳು, ಕೆಲಸವೂ ಚೆನ್ನಾಗಿತ್ತು. ಅದೇ ತೊಂದರೆ. ಕೆಟ್ಟದಾಗಿ ಮಾಡಿದ್ದರೆ ಬೈದುಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವಳು ಡ್ರಿಲ್ ಹಿಡಿದಾಗಲೆಲ್ಲ ನನ್ನ ಬಲಗೈ ಗ್ಲೌಸಿನೊಳಗೆ ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಹೇಳುವುದಿಲ್ಲ, ಪ್ರತಿದಿನ ಉರಿಯುತ್ತಿತ್ತು.

ಸೋಮವಾರದಿಂದ ಶುಕ್ರವಾರದವರೆಗೆ ಕೊಳವೆ ಹಿಡಿಯುವ ನಾನು ಶನಿವಾರ ಮೇರಿಲ್ಯಾಂಡಿಗೆ ಹೋದರೆ ಡಾಕ್ಟರ್ ಆಗುತ್ತಿದ್ದೆ. ಲ್ಯಾನ್‌ಹ್ಯಾಮ್ ದೇವಸ್ಥಾನದ ಕೆಳಗಿನ ಕ್ಯಾಂಟೀನಿನಲ್ಲಿ ದೋಸೆಗೆ ಕಾಯುತ್ತ ನಿಂತರೆ ಸಾಕು, ಯಾರಾದರೊಬ್ಬರು ಬಂದು ಬಾಯಿ ತೆರೆಯುತ್ತಿದ್ದರು. "ಡಾಕ್ಟ್ರೇ, ಇಲ್ಲಿ ಸ್ವಲ್ಪ ನೋಡಿ, ಕೋಲ್ಡ್ ಕುಡಿದ್ರೆ ಜುಮ್ ಅನ್ನತ್ತೆ." ಪುಳಿಯೋಗರೆಯ ಕಡಲೆಬೀಜ ಸಿಕ್ಕಿಕೊಂಡ ದವಡೆಯ ಮೇಲೆ ಅವರೇ ಫೋನಿನ ಲೈಟು ಬಿಡುತ್ತಿದ್ದರು. ನಾನು ನೋಡಿ, ಇಲ್ಲಿನ ಡೆಂಟಿಸ್ಟ್ ಹತ್ತಿರ ಹೋಗಿ ಎನ್ನುತ್ತಿದ್ದೆ. "ಅಯ್ಯೋ ಇಲ್ಲಿ ಬೇಡಪ್ಪ, ಡಿಸೆಂಬರ್‌ನಲ್ಲಿ ಇಂಡಿಯಾ ಟ್ರಿಪ್ ಇದೆ, ಅಲ್ಲೇ ಮಾಡಿಸ್ಕೋತೀವಿ." ನಮ್ಮವರ ಇಂಡಿಯಾ ಟ್ರಿಪ್ಪಿನಲ್ಲಿ ತಿರುಪತಿ, ರೇಷ್ಮೆ ಸೀರೆ, ರೂಟ್ ಕೆನಾಲ್ ಮೂರೂ ಒಂದೇ ವಾರದಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ಹಲ್ಲು ಕಾಯಬೇಕು, ಅದೂ ಇಂಡಿಯಾಕ್ಕೆ ಹೋದಾಗಲೇ ಮಾಡಿಸಬೇಕಾದ ವೀಸಾ ಸ್ಟ್ಯಾಂಪಿಂಗ್ ಇದ್ದಂತೆ.

ನನ್ನ ಬೋರ್ಡ್ ಪರೀಕ್ಷೆಯ ಫಲಿತಾಂಶಕ್ಕೆ ಅವಧಿ ಇತ್ತು, ಅದು ಮುಗಿಯುತ್ತ ಬಂದಿತ್ತು. ಇನ್ನೊಂದು ವರ್ಷದೊಳಗೆ ಸೀಟು ಸಿಗದಿದ್ದರೆ ಎಲ್ಲ ಮೊದಲಿನಿಂದ ಬರೆಯಬೇಕು. ಮನಸ್ಸಿನಲ್ಲಿ ನಿರ್ಧಾರ ಮಾಡಿಕೊಂಡಿದ್ದೆ: ಈ ಸಲ ಆಗದಿದ್ದರೆ ಮುಗಿಯಿತು, ಈ ಜನ್ಮಕ್ಕೆ ಕೊಳವೆಯೇ ಗತಿ. ಎರಡು ಕಾಲೇಜುಗಳಿಂದ ಇಂಟರ್‌ವ್ಯೂ ಕರೆ ಬಂತು. ಒಂದು ಕೆರೋಲಿನಾದ್ದು, ಜೂಮ್‌ನಲ್ಲಿ. ಇನ್ನೊಂದು ಕಾಲೇಜಿನದು ಅಟ್ಲಾಂಟಾದಲ್ಲಿ, ಮುಖಾಮುಖಿ.

ಇಂಟರ್‌ವ್ಯೂ ಎಂದ ಕೂಡಲೇ ನಮ್ಮಲ್ಲಿ ಎಲ್ಲರೂ ಹೋಗುವುದು ಒಬ್ಬ ಅಂಕಲ್ ಮನೆಗೆ. ಪೊಟೋಮ್ಯಾಕ್‌ನಲ್ಲಿ ದೊಡ್ಡ ಮನೆ, ಎಪ್ಪತ್ತರ ದಶಕದಲ್ಲಿ ಬಂದು ಹೃದಯದ ಡಾಕ್ಟರಾಗಿ ನಿವೃತ್ತರಾದವರು. ಅವರ ಬೇಸ್‌ಮೆಂಟಿನಲ್ಲಿ ಪಿಂಗ್‌ಪಾಂಗ್ ಟೇಬಲ್ ಆ ಕಡೆ ಅವರು, ಈ ಕಡೆ ಅಭ್ಯರ್ಥಿ. ಆಂಟಿ ಮೇಲಿನಿಂದ ಚೌಚೌ ಬಾತ್ ತಂದಿಡುತ್ತಾರೆ. ಈ ಪ್ರದೇಶದ ಕನ್ನಡದ ಮಕ್ಕಳು ಯಾವ ಕಾಲೇಜಿಗೆ ಹೋದರೂ ಮೊದಲು ಆ ಟೇಬಲ್ಲಿನ ಮುಂದೆ ಬೆವರಿದವರೇ.

"ವೈ ಡೆಂಟಿಸ್ಟ್ರಿ?" ಎಂದು ಅಂಕಲ್ ದನಿ ಬದಲಿಸಿಕೊಂಡು ಕೇಳಿದರು.

"ಮೆಡಿಕಲ್ ಸಿಗಲಿಲ್ಲ ಅಂಕಲ್."

ಅಂಕಲ್ ಎರಡೂ ಕೈ ಮೇಲೆತ್ತಿದರು. "ಅಯ್ಯೋ, ಅದು ನಂಗೂ ಗೊತ್ತಮ್ಮ. ಡೆಂಟಿಸ್ಟ್ ಆದೋರೆಲ್ಲ ಹಾಗೇ. ಆದ್ರೆ ಅವರಿಗೆ ಹೇಳ್ಬಾರದು. ಅಮೆರಿಕನ್ಸ್‌ಗೆ ಸ್ಟೋರಿ ಬೇಕು, ಸ್ಟೋರಿ. ಚೈಲ್ಡ್‌ಹುಡ್, ಪೇಯ್ನ್, ಟಿಯರ್ಸ್. ಯಾರಾದ್ರೂ ನರಳಿರ್ಬೇಕು, ನೀನು ನೋಡಿರ್ಬೇಕು. ಮನೇಲಿ ಅಜ್ಜಿ ಇದಾರಾ?"

"ಇದಾರೆ, ಮೈಸೂರಲ್ಲಿ. ಅಮ್ಮನ ಜೊತೆ."

"ಪರ್ಫೆಕ್ಟ್! ಅಜ್ಜಿಗೆ ಹಲ್ಲಿಲ್ಲ. ಹಳ್ಳೀಲಿ ಡೆಂಟಿಸ್ಟ್ ಇರ್ಲಿಲ್ಲ. ಅಜ್ಜಿ ಬರೀ ಗಂಜಿ ಕುಡೀತಿದ್ರು. ಅವತ್ತೇ ನೀನು ಡಿಸೈಡ್ ಮಾಡ್ದೆ. ಮುಗೀತು. ಹೋದ್ ವರ್ಷ ಇಬ್ಬರು ಹುಡುಗೀರಿಗೆ ಇದೇ ಕೊಟ್ಟೆ, ಇಬ್ಬರಿಗೂ ಆಯ್ತು."

ನನ್ನ ಅಜ್ಜಿಗೆ ತೊಂಬತ್ತು ಸಮೀಪಿಸಿತ್ತು. ಮೂವತ್ತೆರಡು ಹಲ್ಲಿನಲ್ಲಿ ಒಂದೂ ಕದಲಿರಲಿಲ್ಲ. ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿ ಟಿವಿಯ ಮುಂದೆ ಕೂತು ಕೋಡುಬಳೆ ಕಡಿದರೆ ವಿಡಿಯೋ ಕಾಲ್‌ನಲ್ಲಿ ಇಲ್ಲಿಗೆ ಕೇಳುತ್ತಿತ್ತು. ನಾನು ಡೆಂಟಲ್ ಸೇರಿದಾಗ, "ನನ್ನಿಂದ ನಿಂಗೆ ಮೂರು ಕಾಸಿನ ಪ್ರಯೋಜನ ಇಲ್ಲ ಕಣೆ" ಎಂದು ಹಲ್ಲು ತೋರಿಸಿ ನಕ್ಕವರು. ಅದನ್ನು ಹೇಳಿದರೆ ಆಂಟಿ ಉಪ್ಪಿಟ್ಟಿನ ಸೌಟು ಹಿಡಿದುಕೊಂಡೇ, "ಅವರೇನು ಮೈಸೂರಿಗೆ ಹೋಗಿ ಅಜ್ಜಿ ಬಾಯಿ ತೆಗೆಸಿ ಎಣಿಸ್ತಾರಾ?" ಎಂದರು.

ನಾನು ಒಪ್ಪಲಿಲ್ಲ. ಗಟ್ಟಿಮುಟ್ಟಾದ ಹೆಂಗಸಿನ ಹಲ್ಲು ಬೀಳಿಸಿ ನನಗೆ ಸೀಟು ಬೇಡ ಎಂದು ಹಟ ಬಂತು. ಕೆರೋಲಿನಾದ ಜೂಮ್ ಇಂಟರ್‌ವ್ಯೂನಲ್ಲಿ ಕಂಪ್ಯೂಟರಿನ ಮುಂದೆ ಮೇಲೆ ಕೋಟು, ಕೆಳಗೆ ಪೈಜಾಮ ಹಾಕಿಕೊಂಡು ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ: ಮೆಡಿಕಲ್‌ನಲ್ಲಿ ಸೀಟು ಖಾಲಿ ಇರಲಿಲ್ಲ, ಅಪ್ಪ ಡೆಂಟಲ್ ಹಾಕಿ ಎಂದರು. ಪರದೆಯ ಮೇಲಿನ ಪ್ರೊಫೆಸರ್ ಬಹಳ ಹೊತ್ತು ಮುಗುಳ್ನಗುತ್ತ, ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ ಎಂದರು. ಅಮೆರಿಕದಲ್ಲಿ ಯಾರಾದರೂ ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ ಹೇಳಿದರೆ ಲ್ಯಾಪ್‌ಟಾಪ್ ಮುಚ್ಚಿ ಅನ್ನಕ್ಕಿಡಬಹುದು. ಕೆಲವೇ ದಿನಗಳಲ್ಲಿ ಬಹಳ ಸಭ್ಯವಾದ ಇಮೇಲ್ ಬಂತು, ಸೀಟಿಲ್ಲ.

"ನಾನು ಹೇಳ್ಲಿಲ್ವಾ?" ಎಂದರು ಅಂಕಲ್ ಫೋನಿನಲ್ಲಿ. ಅವರ ದನಿಯಲ್ಲಿ ಇಷ್ಟು ಸಂತೋಷವನ್ನು ನಾನು ಮೊದಲು ಕೇಳಿರಲಿಲ್ಲ.

ಉಳಿದದ್ದು ಅಟ್ಲಾಂಟಾ ಒಂದೇ. ಈಗ ಹಟ ಮಾಡುವ ಧೈರ್ಯ ನನಗಿರಲಿಲ್ಲ. ನಾನೂ ಗಂಡನೂ ಕಾರಿನಲ್ಲಿ ಹೊರಟೆವು. ವರ್ಜೀನಿಯಾ ದಾಟುವ ಹೊತ್ತಿಗೆ ಅಜ್ಜಿಯ ಮುಂದಿನ ಹಲ್ಲುಗಳು ಹೋದವು. ನಾರ್ತ್ ಕೆರೋಲಿನಾದಲ್ಲಿ ದವಡೆ ಹಲ್ಲು. ಗಂಡ ಸ್ಟೇರಿಂಗ್ ಹಿಡಿದುಕೊಂಡು, "ಗಂಜಿ ಅನ್ನೋವಾಗ ಒಂದು ಪಾಜ್ ಕೊಡು, ಇಂಪ್ಯಾಕ್ಟ್ ಬರತ್ತೆ" ಎಂದು ಆಫೀಸಿನ ಪ್ರೆಸೆಂಟೇಶನ್‌ಗೆ ತಯಾರು ಮಾಡಿಸುವಂತೆ ಮಾಡಿಸುತ್ತಿದ್ದ. ಸೌತ್ ಕೆರೋಲಿನಾದ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಮೈಸೂರಿನಿಂದ ಅಜ್ಜಿಯ ಕಾಲ್ ಬಂತು. ಇಂಟರ್‌ವ್ಯೂ ಚೆನ್ನಾಗಿ ಮಾಡು ಎಂದು ಹರಸಿ, ಕಟಂ ಎಂದು ಏನನ್ನೋ ಕಡಿದರು. ನನಗೆ ನಾಚಿಕೆಯಾಗಿ ಫೋನ್ ಗಂಡನ ಕೈಗೆ ಕೊಟ್ಟುಬಿಟ್ಟೆ.

ಅಟ್ಲಾಂಟಾದ ಹೋಟೆಲೊಂದರ ಮೀಟಿಂಗ್ ರೂಮುಗಳಲ್ಲಿ ಇಂಟರ್‌ವ್ಯೂ. ಹೊರಗಿನ ಕುರ್ಚಿಗಳಲ್ಲಿ ನಾವು ಒಂದಷ್ಟು ಜನ, ಎಲ್ಲರೂ ಒಂದೇ ಅಂಗಡಿಯಲ್ಲಿ ಕೊಂಡಂತಿದ್ದ ಕಡುನೀಲಿ ಕೋಟಿನಲ್ಲಿ. ಹೆಚ್ಚಿನವರು ನಮ್ಮ ದೇಶದವರೇ. ಪಕ್ಕದಲ್ಲಿ ಕೂತಿದ್ದ ಹುಡುಗಿ ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಪರಿಚಯ ಮಾಡಿಕೊಂಡೆ. ಹುಬ್ಬಳ್ಳಿ ಕಡೆಯವಳು, ಈಗ ಶಾರ್ಲೆಟ್‌ನಲ್ಲಿದ್ದಳು. ನನ್ನ ಹಾಗೇ ಅಸಿಸ್ಟೆಂಟ್.

"ವೈ ಡೆಂಟಿಸ್ಟ್ರಿಗೆ ಏನ್ ಹೇಳ್ತೀಯಾ?" ಎಂದೆ, ಮಾತಿಗೆ.

"ನಮ್ಮ ಅಜ್ಜೀದು ಹೇಳ್ತೀನ್ರಿ ಅಕ್ಕಾ."

ನಾನು ಜೋರಾಗಿ ನಕ್ಕೆ. "ಹಲ್ಲಿಲ್ಲದ ಅಜ್ಜಿನಾ? ಗಂಜಿ ಕುಡಿಯೋ ಅಜ್ಜಿ? ನಂದೂ ಅವರೇ!"

ಎದುರಿಗೆ ಕೂತಿದ್ದ ತೆಲುಗಿನ ಹುಡುಗ ಅಜ್ಜಿ ಎಂಬ ಪದ ಹಿಡಿದು ತಲೆ ಎತ್ತಿದ. ತನ್ನದೂ ಅಜ್ಜಿಯೇ ಎಂದು ಇಂಗ್ಲಿಷಿನಲ್ಲಿ ಒಪ್ಪಿಕೊಂಡ. ಅವನ ಆಚೆಯ ಗುಜರಾತಿ ಹುಡುಗಿಗೆ ಅಜ್ಜಿ ಅಲ್ಲ, ಅಜ್ಜನಂತೆ, ಆದರೆ ಗಂಜಿ ಅದೇ. ಸಣ್ಣದೊಂದು ಸಭೆಯೇ ನಡೆಯಿತು. ಎಲ್ಲರೂ ಅಜ್ಜಿಯನ್ನೇ ಹೇಳಿದರೆ ಎಲ್ಲರೂ ಕೆಡುತ್ತೇವೆ, ಆದ್ದರಿಂದ ಮೊದಲು ಒಳಗೆ ಹೋದವರಿಗೆ ಅಜ್ಜಿ, ಉಳಿದವರು ಅತ್ತೆ, ಚಿಕ್ಕಪ್ಪ, ಮನೆಗೆಲಸದವಳು ಹೀಗೆ ಹಂಚಿಕೊಳ್ಳುವುದೆಂದು ತೀರ್ಮಾನವಾಯಿತು. ಮನೆಯವರ ಬಾಯಿಯನ್ನು ಪಾಲು ಮಾಡಿಕೊಂಡು ಕೂತ ಅಣ್ಣತಮ್ಮಂದಿರ ಹಾಗೆ ಇದ್ದೆವು. ಹುಬ್ಬಳ್ಳಿ ಹುಡುಗಿ ಮಾತ್ರ ನಗಲಿಲ್ಲ. "ನಾ ಬ್ಯಾರೆ ಏನ್ ಹೇಳ್ಲಿರಿ ಅಕ್ಕಾ?" ಎಂದಷ್ಟೇ ಕೇಳಿದಳು. ಅಷ್ಟರಲ್ಲಿ ಒಳಗಿನಿಂದ ತೆಲುಗಿನ ಹುಡುಗನನ್ನು ಕರೆದರು. ಅಜ್ಜಿ ಅವನ ಪಾಲಾದಳು. ಅವನ ನಂತರ ಹುಬ್ಬಳ್ಳಿ ಹುಡುಗಿ ಹೋದಳು. ಹೊರಬಂದಾಗ ಕಣ್ಣು ಕೆಂಪಾಗಿತ್ತು. ಒಳ್ಳೆ ನಟನೆ, ಕಣ್ಣೀರೂ ಬರಿಸಿದ್ದಾಳೆ ಎಂದುಕೊಂಡೆ.

ನನ್ನ ಸರದಿ ಬಂತು. ಮೇಜಿನ ಆಚೆ ಬೆಳ್ಳಿಗೂದಲಿನ ಒಬ್ಬ ಹೆಂಗಸು. ಅವರ ಕಾಫಿ ಆರಿಹೋಗಿತ್ತು. ಪ್ರಶ್ನೆ ಕೇಳುವ ಮೊದಲೇ ಅವರು ಸುಸ್ತಾಗಿ ಕಣ್ಣುಜ್ಜಿಕೊಂಡು, ಹೇಳಿ, ನಿಮ್ಮ ಮನೆಯಲ್ಲಿ ಯಾರ ಹಲ್ಲು ಹೋಗಿದ್ದವು ಎಂದರು.

ಚಿಕ್ಕಪ್ಪನನ್ನು ತಯಾರು ಮಾಡಿಕೊಂಡು ಹೋಗಿದ್ದೆ. ಚಿಕ್ಕಪ್ಪ ಬಾಯಿಗೆ ಬರಲಿಲ್ಲ. ಆ ಹೆಂಗಸಿನ ಮೇಲೆ, ಅಂಕಲ್ ಮೇಲೆ, ಆ ಪಿಂಗ್‌ಪಾಂಗ್ ಟೇಬಲ್ಲಿನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು. ಯಾರದೂ ಇಲ್ಲ ಎಂದೆ. ನನ್ನ ಅಜ್ಜಿಗೆ ಎಲ್ಲ ಹಲ್ಲೂ ಇವೆ, ನನ್ನ ಅಗತ್ಯ ಅವರಿಗಿಲ್ಲ. ಮೊದಲ ಸಲ ಡೆಂಟಲ್‌ಗೆ ಬಂದದ್ದು ಬೇರೆ ದಾರಿ ಇಲ್ಲದೆ. ಈಗ ಮತ್ತೆ ಬರುತ್ತಿರುವುದು ಹೊಟ್ಟೆಕಿಚ್ಚಿನಿಂದ. ದಿನವೂ ಇನ್ನೊಬ್ಬರು ಮಾಡುವುದನ್ನು ನೋಡುತ್ತ ಪಕ್ಕದಲ್ಲಿ ಕೂತಿರುತ್ತೇನೆ. ಆ ಕೆಲಸ ನನ್ನದು, ನನ್ನ ಕೈಗೆ ಅದು ಬರುತ್ತದೆ, ನೋಡುತ್ತ ಕೂರುವುದು ಇನ್ನು ನನ್ನಿಂದ ಆಗುವುದಿಲ್ಲ. ಅವರು ಪೆನ್ನು ಕೆಳಗಿಟ್ಟು, ಮೇಣದ ಹಲ್ಲು ಕೆತ್ತುವುದರ ಬಗ್ಗೆ, ನನ್ನ ಕೈ ಕೆಲಸದ ಬಗ್ಗೆ ಕೇಳತೊಡಗಿದರು. ಸಮಯ ಮುಗಿದು ಬಾಗಿಲು ತಟ್ಟುವವರೆಗೂ ಮಾತಾಡಿದೆವು.

ಸೀಟು ಸಿಕ್ಕಿತು. ಇಮೇಲ್ ಬಂದಾಗ ಕ್ಲಿನಿಕ್ಕಿನಲ್ಲಿದ್ದೆ, ಓದಿ ಸ್ಟೋರ್ ರೂಮಿಗೆ ಹೋಗಿ ಗ್ಲೌಸಿನ ಡಬ್ಬಿಗಳ ನಡುವೆ ನಿಂತು ಅತ್ತೆ. ಅಪ್ಪ ಪರದೆ ನೋಡಿ ಹಾಕಿಸಿದ ಸೀಟಲ್ಲ, ಇದು ನಾನೇ ಬೇಕೆಂದು ಕೇಳಿ ಪಡೆದದ್ದು. ಅವತ್ತು ಆದಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಗಂಡ ಇದನ್ನು ಓದದಿರಲಿ.

ಆ ಶನಿವಾರ ಲ್ಯಾನ್‌ಹ್ಯಾಮ್‌ನಲ್ಲಿ ಅರ್ಚನೆ ಮಾಡಿಸಿ ಕೆಳಗಿಳಿದರೆ ಅಂಕಲ್ ಕ್ಯಾಂಟೀನಿನಲ್ಲೇ ಹಿಡಿದರು. ಏನು ಹೇಳಿದೆ ಎಂದು ಅಕ್ಷರ ಬಿಡದೆ ಹೇಳಿಸಿಕೊಂಡು, ಸಾಂಬಾರಿನ ಕಪ್ಪು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿ ಯೋಚಿಸಿದರು. "ಜೆಲಸಿ. ಹಾಂ. ಬ್ಯೂಟಿಫುಲ್. ಅಜ್ಜಿ ಓಲ್ಡ್ ಆಯ್ತು, ಈಗ ಜೆಲಸಿ ವರ್ಕ್ ಆಗತ್ತೆ." ಸ್ವಲ್ಪ ದಿನಗಳಲ್ಲೇ ಅದು ಪಾಠವಾಯಿತು. ಇಲ್ಲೇ ಹುಟ್ಟಿ ಬೆಳೆದ, ಅಪ್ಪ ಅಮ್ಮ ಇಬ್ಬರೂ ಡಾಕ್ಟರಾಗಿರುವ, ಹದಿನಾರಕ್ಕೇ ಕಾರು ಸಿಕ್ಕಿದ ಹುಡುಗಿಯೊಬ್ಬಳು ದೇವಸ್ಥಾನದ ಪಾರ್ಕಿಂಗಿನಲ್ಲಿ ನನ್ನ ಹತ್ತಿರ ಬಂದು, "ಆಂಟಿ, ಅಂಕಲ್ ಹೇಳಿದ್ರು, ಐ ಶುಡ್ ಸೇ ಐಯಾಮ್ ಜೆಲಸ್. ಬಟ್ ಯಾರ ಮೇಲೆ?" ಎಂದು ನಿಜವಾದ ಚಿಂತೆಯಿಂದ ಕೇಳಿದಳು. ನಮ್ಮವರ ಕೈಗೆ ಸತ್ಯ ಸಿಕ್ಕರೂ ಅದನ್ನು ಮೊದಲು ಜೆರಾಕ್ಸ್ ಮಾಡಿಸುತ್ತಾರೆ. ನಾನು ಅವಳಿಗೆ, ನಿನಗೆ ಯಾರ ಮೇಲೂ ಇಲ್ಲದಿದ್ದರೆ ಆ ಮಾತು ಬಿಡು ಎಂದೆ. ಅವಳಿಗೆ ನಿರಾಸೆಯಾಯಿತು.

ಅದಾದ ವಾರ ಶಾರ್ಲೆಟ್‌ನಿಂದ ಆ ಹುಬ್ಬಳ್ಳಿ ಹುಡುಗಿ ಫೋನ್ ಮಾಡಿದಳು. ಅವಳಿಗೆ ಸೀಟು ಸಿಕ್ಕಿರಲಿಲ್ಲ. ನನಗೆ ಸಿಕ್ಕಿದ್ದು ಗೊತ್ತಾಗಿ ಅಭಿನಂದನೆ ಹೇಳಿ ಕೇಳಿದಳು.

"ಅಕ್ಕಾ, ನೀವು ಒಳಗ ಏನ್ ಹೇಳಿದ್ರಿ?"

ಹೇಳಿದೆ.

"ನಾ ಅಜ್ಜೀದು ಹೇಳಿದ್ನಿ, ಆ ಮೇಡಂ ನಕ್ಕರ್ರಿ. ಇನ್ನೊಂದು ಅಜ್ಜಿ ಅಂದ್ರು. ಆಮ್ಯಾಲ ಏನೂ ಕೇಳಲೇ ಇಲ್ಲ."

ಎಲ್ಲರದೂ ಅದೇ ಕಥೆ ಆಗಿಹೋಯಿತಲ್ಲ ಎಂದು ಸಮಾಧಾನಕ್ಕೆ ಹೇಳಿದೆ.

"ನಂದು ಕಥಿ ಅಲ್ರಿ ಅಕ್ಕಾ. ನಮ್ಮ ಅಜ್ಜಿಗೆ ಹಲ್ಲಾಗ ಕೀವು ಆಗಿ, ಅದು ಕುತಗಿಗೆ ಇಳದು, ದವಾಖಾನಿಗೆ ಒಯ್ಯೂದ್ರಾಗ ಹ್ವಾದ್ಲು. ನಾ ಬಾಜೂಕ ಕುಂತಿದ್ದೆ. ಅದಕ್ಕ ಡೆಂಟಲ್ ತಗೊಂಡೆ. ನಂಗ ಮೆಡಿಕಲ್ ಸೀಟು ಸಿಕ್ಕಿತ್ರಿ, ನಾನ ಬ್ಯಾಡ ಅಂದೆ."

ಹೋಟೆಲಿನ ಕುರ್ಚಿಯಲ್ಲಿ ಅವಳು ನಗದೆ ಕೂತಿದ್ದ ಮುಖ ಕಣ್ಣ ಮುಂದೆ ಬಂತು. ನಾನು ಜೋರಾಗಿ ನಕ್ಕಿದ್ದೆ. ಅಂಕಲ್ ಬೇಸ್‌ಮೆಂಟಿನಲ್ಲಿ ಹುಟ್ಟಿದ ನೂರೆಂಟು ಅಜ್ಜಿಯರ ನಡುವೆ ನಿಜವಾಗಿ ಸತ್ತ ಅಜ್ಜಿಯೊಬ್ಬಳಿಗೆ ಆ ರೂಮಿನಲ್ಲಿ ಜಾಗ ಸಿಕ್ಕಿರಲಿಲ್ಲ.

"ಮುಂದಿನ ವರ್ಷ ಅಜ್ಜೀನ ಬಿಟ್ಟುಬಿಡ್ಲೇನ್ರಿ ಅಕ್ಕಾ?" ಎಂದಳು. "ನಿಮ್ಮಂಗ ಹೊಟ್ಟೆಕಿಚ್ಚು ಅಂತ ಹೇಳ್ಲೇನು?"

ಬೇಡ, ಅಜ್ಜಿಯನ್ನು ಬಿಡಬೇಡ ಎಂದೆ.

"ಹಂಗಾರ ಸೀಟು?" ಎಂದು ಕೇಳಿದಳು.